ಹೊಸಿಲು ದಾಟದ ಜಮೇದಾರ

ಸಂಜೆ ಆರೂ ಮುಕ್ಕಾಲಿಗೆ ಜಯದೇವಪ್ಪನ ಕೊಟ್ಟಿಗೆಯ ಮುಂದೆ ಕಟ್ಟಿದ್ದ ನಾಯಿಯನ್ನು ಚಿರತೆ ಹೊತ್ತೊಯ್ದಿತು. ಅದು ೧೯೮೧ರ ಡಿಸೆಂಬರ್. ಹಳೇಬೀಡಿನ ಬಸದಿಗಳ ಹಿಂದಿನ ಆ ಬೀದಿಯಲ್ಲಿ ಅದಕ್ಕೂ ಮೊದಲು ಎರಡು ನಾಯಿ ಹೋಗಿದ್ದವು. ಇನ್ನು ಉಳಿದದ್ದು ಕಾಂಚನಮಾಲಾಳ ಮನೆಯ ಜಮೇದಾರನೆಂಬ ನಾಯಿ ಒಂದೇ.

ಬೆಳಿಗ್ಗೆ ಜಯದೇವಪ್ಪ ತುಂಡಾದ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಇವರ ಜಗಲಿಗೆ ಬಂದ. ಕಾಂಚನಮಾಲಾಳ ಗಂಡ ನಾಗಕುಮಾರ ಕೊಬ್ಬರಿ ಚೀಲದ ಬಾಯಿ ಹೊಲಿಯುತ್ತಿದ್ದ.

"ಏನ್ಲಾ ನಾಗಕುಮಾರ, ಫಾರೆಸ್ಟಿನೋರು ಬೋನು ಇಡ್ತಾರಂತೆ. ಒಳಗೆ ಕಟ್ಟಾಕೋಕೆ ಒಂದು ನಾಯಿ ಬೇಕಂತೆ. ನಿಮ್ ಜಮೇದಾರ ಹೆಂಗೂ ಇವತ್ತೋ ನಾಳೆನೋ ಹೋಗೋನೆ ತಾನೆ?"

"ನಾವು ಇರುವೆ ತುಳಿದ್ರೂ ನಮ್ಮಮ್ಮ ಮೂರು ದಿನ ಮಾತು ಬಿಡ್ತಾಳೆ ಕಣಣ್ಣ. ನಾಯಿ ಕೊಡ್ತಾಳಾ?"

"ಹಂಗಾರೆ ಕತ್ತಲಾಗೋದ್ರೊಳಗೆ ಒಳಕ್ಕೆ ಕರ್ಕಳಿ."

"ಕರೀತೀವಿ. ಅವನು ಬರಬೇಕಲ್ಲ!"

ಜಮೇದಾರ ಅಂಗಳದಲ್ಲಿ ಕಾಲು ಚಾಚಿ ಮಲಗಿದ್ದ. ತನ್ನ ಹೆಸರು ಎರಡು ಸಲ ಕೇಳಿದರೂ ಕಣ್ಣು ತೆರೆಯಲಿಲ್ಲ.

ಅವನು ಮರಿಯಾಗಿದ್ದಾಗ ಹೊಸಿಲ ಮೇಲೆ ಕಾಲಿಟ್ಟಾಗಲೆಲ್ಲ ಕಾಂಚನಮಾಲಾಳ ಅತ್ತೆ ಯಶೋಧಮ್ಮ ಒಂದು ಚೊಂಬು ತಣ್ಣೀರು ಎರಚುತ್ತಿದ್ದರು. ಕೋಲು ಎತ್ತುವ ಮನೆಯಲ್ಲ ಅದು. ಪ್ರಾಣಿಗೆ ಹೊಡೆದರೆ ಪಾಪ. ನೀರಿಗೆ ಯಾವ ಪಾಪ? ಮಡಿಯೂ ಉಳಿಯಿತು, ಅಹಿಂಸೆಯೂ ಉಳಿಯಿತು. ಮರಿ ಪಾಠ ಕಲಿಯಿತು. ಆಮೇಲೆ ಬಾಗಿಲು ಹಾರುಹೊಡೆದಿದ್ದರೂ, ಒಳಗೆ ತುಪ್ಪ ಕಾಯಿಸುತ್ತಿದ್ದರೂ ಜಮೇದಾರ ಹೊಸಿಲು ದಾಟಿದವನಲ್ಲ. ಯಶೋಧಮ್ಮ ನೆಂಟರ ಮುಂದೆ ಅದನ್ನು ಹೇಳಿಕೊಂಡು ಬೀಗುತ್ತಿದ್ದರು.

ಆ ಸಂಜೆ ನಾಗಕುಮಾರ ಕೊರಳಿಗೆ ಹಗ್ಗ ಹಾಕಿ ಎಳೆದ. ಜಮೇದಾರ ನಾಲ್ಕೂ ಕಾಲು ಊರಿ ನಿಂತ, ಆಮೇಲೆ ಮಣಿಕಟ್ಟಿಗೆ ಬಾಯಿ ಹಾಕಿದ. ಹಗ್ಗ ಬಿಟ್ಟದ್ದೇ ತಡ, ಅಂಗಳದ ಕೊನೆಯ ಬೇಲಿಯ ಪಕ್ಕದ ಹುಲ್ಲಿನ ಬಣವೆಗೆ ಓಡಿ ಅಲ್ಲೇ ಮಲಗಿದ. ಮನೆಯಿಂದ ಅಷ್ಟು ದೂರದಲ್ಲಿ ಅವನು ಹಿಂದೆಂದೂ ಮಲಗಿರಲಿಲ್ಲ.

"ಇನ್ನು ಯಾರೂ ಮುಟ್ಟಬೇಡಿ" ಎಂದಳು ಕಾಂಚನಮಾಲಾ. "ನಾನು ನೋಡ್ಕೋತೀನಿ. ಅತ್ತೆ, ಪಡಸಾಲೆವರೆಗಾದ್ರೂ ಬರಲಿ ಅನ್ನಿ."

ಯಶೋಧಮ್ಮ ಕೈಯಲ್ಲಿದ್ದ ಚೊಂಬನ್ನು ಬಾಗಿಲ ಪಕ್ಕದಲ್ಲಿಟ್ಟರು. "ಪಡಸಾಲೆವರೆಗೆ. ನಡುಮನೆಗೆ ಕಾಲಿಟ್ರೆ ನಾನು ಬಸದಿಯಲ್ಲೇ ಹಾಸಿಗೆ ಹಾಸ್ತೀನಿ, ಹೇಳಿದೀನಿ."

ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ಮನೆ ಅದು. ನಾಯಿಗೂ ಅದೇ ಹೊತ್ತು. ಕತ್ತಲಾದ ಮೇಲೆ ಹೊಟ್ಟೆ ತುಂಬಿದ ಜಮೇದಾರನಿಗೆ ಯಾವ ರೊಟ್ಟಿಯ ಆಸೆಯೂ ಇರುತ್ತಿರಲಿಲ್ಲ. ಹಾಗಾಗಿ ಬಿಸಿಲು ಇರುವಾಗಲೇ ಕೆಲಸ ಆಗಬೇಕಿತ್ತು. ಕಾಂಚನಮಾಲಾ ರಾಗಿ ರೊಟ್ಟಿಗೆ ತುಪ್ಪ ಸವರಿ, ಚೂರು ಮಾಡಿ, ಮೊದಲು ಜಗಲಿಯ ಅಂಚಿನಲ್ಲಿಟ್ಟಳು. ಮಾರನೆಯ ದಿನ ಗೇಣುದ್ದ ಮುಂದೆ. ಅದರ ಮಾರನೆಯ ದಿನ ಇನ್ನೊಂದು ಗೇಣು. ತಾನು ಒಳಗೆ ನೆಲದ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದಳು, ಏಕೆಂದರೆ ಮುಖ ಕಂಡರೆ ಅವನು ಹಿಂದೆ ಸರಿಯುತ್ತಿದ್ದ.

"ನನ್ನ ಮಗನಿಗೂ ನೀನು ಇಷ್ಟು ಉಪಚಾರ ಮಾಡಿಲ್ಲ ಕಣೇ" ಎಂದರು ಯಶೋಧಮ್ಮ.

"ಅವರು ಕರೆದ ತಕ್ಷಣ ಬರ್ತಾರಲ್ಲ ಅತ್ತೆ."

ವಾರ ಕಳೆದರೂ ಹೊಸಿಲಿನ ಹತ್ತಿರ ಬಂದ ಕೂಡಲೇ ಜಮೇದಾರನ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ಅವನು ಮೂಗನ್ನು ಒಳಕ್ಕೆ ಚಾಚಿ ಮೂಸಿದ್ದನ್ನು ಕಾಂಚನಮಾಲಾ ಕಂಡಳು. ಸಂಜೆ ಅದೇ ಜಾಗದಲ್ಲಿ ಅದೇ ರೊಟ್ಟಿ ಇಟ್ಟರೆ ಬರಲೇ ಇಲ್ಲ. ಮಧ್ಯಾಹ್ನಕ್ಕೂ ಸಂಜೆಗೂ ಏನು ವ್ಯತ್ಯಾಸ? ಅವಳು ಹೊಸಿಲನ್ನು ಮುಟ್ಟಿ ನೋಡಿದಳು. ಒದ್ದೆ. ದೀಪ ಹಚ್ಚುವ ಮೊದಲು ಅತ್ತೆ ಹೊಸಿಲು ತೊಳೆಯುತ್ತಿದ್ದರು. ಚೊಂಬು ಬಾಗಿಲ ಪಕ್ಕದಲ್ಲೇ ಇತ್ತು.

"ಅತ್ತೆ, ಸಂಜೆ ಹೊಸಿಲು ತೊಳೀಬೇಡಿ."

"ಏನಂದೆ?"

"ಒದ್ದೆ ಕಂಡ್ರೆ ಅವನು ನೀರು ಬೀಳುತ್ತೆ ಅಂದ್ಕೋತಾನೆ."

"ನಾನು ಈ ಮನೆ ಹೊಸಿಲು ತುಳಿದ ದಿನದಿಂದ ಒಂದು ಸಂಜೆನೂ ತಪ್ಪಿಸಿಲ್ಲ. ನಾಯಿಗೋಸ್ಕರ ತಪ್ಪಿಸ್ಲಾ?"

ಮರುದಿನ ಸಂಜೆ ಚೊಂಬು ಬಾಗಿಲ ಬಳಿ ಇರಲಿಲ್ಲ, ಹೊಸಿಲು ಒಣಗಿತ್ತು. ಅತ್ತೆ ದೀಪ ಹಚ್ಚಿ ಒಳಗೆ ಹೋದರು. ಆ ದಿನ ಜಮೇದಾರ ಮುಂಗಾಲೆರಡನ್ನೂ ಒಳಗಿಟ್ಟು ರೊಟ್ಟಿ ತಿಂದ. ಹಿಂಗಾಲು ಮಾತ್ರ ಜಗಲಿ ಬಿಡಲಿಲ್ಲ. ಅದಾದ ಮೇಲೂ ಅಷ್ಟೇ. ದಿನವೂ ಅರ್ಧ ನಾಯಿ ಒಳಗೆ, ಅರ್ಧ ಹೊರಗೆ. ಅರ್ಧ ನಾಯಿಯ ಮೇಲೆ ಬಾಗಿಲು ಹಾಕುವುದು ಹೇಗೆ?

ಸೋಮವಾರ ನಾಗಕುಮಾರ ಕೊಬ್ಬರಿ ತೆಗೆದುಕೊಂಡು ಅರಸೀಕೆರೆಗೆ ಹೋಗಿದ್ದ. ಸಂಜೆ ಹೊತ್ತು ಮುಳುಗುವಾಗಲೇ ಕರೆಂಟು ಹೋಯಿತು. ಕಾಂಚನಮಾಲಾ ರೊಟ್ಟಿಯ ಕೊನೆಯ ಚೂರನ್ನು ಪಡಸಾಲೆಯ ನಡುವೆ ಇಟ್ಟು ಬೆನ್ನು ತಿರುಗಿಸಿ ಕುಳಿತಳು. ಯಶೋಧಮ್ಮ ಬಾಗಿಲಿನ ಮರೆಯಲ್ಲಿ ಅಗುಳಿ ಹಿಡಿದು ನಿಂತಿದ್ದರು. ಜಮೇದಾರ ಮುಂಗಾಲನ್ನು ಒಳಗಿಟ್ಟ.

ಮನೆ ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆ ಬುಸುಗುಟ್ಟಿತು. ಕರು ಹಗ್ಗ ಜಗ್ಗಿತು. ಆಮೇಲೆ ಎರಡೂ ಒಟ್ಟಿಗೆ ಸುಮ್ಮನಾದವು.

ನಾಯಿಯ ಗಂಟಲಿನಿಂದ ಗುರ್ ಎಂಬ ಸದ್ದು ಹೊರಟು ಅರ್ಧಕ್ಕೇ ನಿಂತದ್ದು ಕಾಂಚನಮಾಲಾಳಿಗೆ ಕೇಳಿಸಿತು.

"ಕಾಂಚನಾ," ಯಶೋಧಮ್ಮ ಉಸಿರಿನಲ್ಲೇ ಹೇಳಿದರು, "ಬಣವೆ ಹತ್ತಿರ ಏನೋ ಐತೆ." ಪಟ್ಟಣದ ಮಾತು ಆಡುತ್ತಿದ್ದ ಅತ್ತೆಯ ಬಾಯಲ್ಲಿ ತವರಿನ ಮಾತು ಬಂದಿತ್ತು.

"ಕೂಗಬೇಡಿ."

"ಕೊರಳು ಹಿಡಿದು ಎಳಿಯೇ!"

ಕೈ ಚಾಚಿದರೆ ಕೊರಳು ಸಿಗುವಷ್ಟು ಹತ್ತಿರವಿತ್ತು. ಎಳೆದರೆ ಅವನು ಎತ್ತ ಓಡುತ್ತಾನೆಂಬುದು ಅವಳಿಗೆ ಗೊತ್ತಿತ್ತು: ಬಣವೆಗೆ. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಳು. ತಿರುಗಿ ನೋಡಲಿಲ್ಲ.

"ಬಾರೋ," ಎಂದಳು, ದಿನವೂ ಅನ್ನುವ ದನಿಯಲ್ಲೇ. "ಬಾರೋ ಜಮೇದಾರ. ರೊಟ್ಟಿ ಆರ್ತಾ ಇದೆ."

ಹೊರಗೆ ಒಣ ಹುಲ್ಲು ಸರಿದ ಸದ್ದಾಯಿತು. ಒಂದು ಉಗುರು ನೆಲಕ್ಕೆ ತಾಗಿತು. ಮತ್ತೊಂದು. ಅವಳ ಬೆನ್ನಿಗೆ ಬಿಸಿ ಉಸಿರು ತಗುಲಿತು, ಅದರ ಹಿಂದೆಯೇ ನಡುಗುವ ಒಂದು ಮೈ ಪೂರ್ತಿಯಾಗಿ ಒರಗಿತು.

ಯಶೋಧಮ್ಮ ಬಾಗಿಲು ತಳ್ಳಿ ಅಗುಳಿ ಹಾಕಿದರು. ಮರುಕ್ಷಣ ಜಗಲಿಯ ಮೇಲೆ ಭಾರವಾದದ್ದೊಂದು ಬಿದ್ದ ಸದ್ದು. ಬಾಗಿಲ ಸಂದಿಯಲ್ಲಿ ಏನೋ ಮೂಸಿತು. ಒಳಗೆ ಮೂವರೂ ಮಿಸುಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಜಗಲಿ ಸುಮ್ಮನಾಯಿತು, ಕೊಟ್ಟಿಗೆಯಲ್ಲಿ ಎಮ್ಮೆ ಮತ್ತೆ ಮೆಲುಕು ಹಾಕತೊಡಗಿತು.

ಎಂಟೂವರೆಗೆ ಬಸ್ಸಿಳಿದ ನಾಗಕುಮಾರ, ಟಾರ್ಚು ಹಿಡಿದಿದ್ದ ಬೀದಿಯ ಇಬ್ಬರ ಜೊತೆ ಮನೆಗೆ ಬಂದು ಬಾಗಿಲು ತಟ್ಟಿದ. ಒಳಗಿನಿಂದ ಜಮೇದಾರ ಬೊಗಳಿದ.