ಇನ್ನೂ ಇಳಿಯುತ್ತೆ

“ಮೂರು ಸಲ ರೀ! ಮೂರು ಸಲ ಆ ಟೂರ್ ಆಫೀಸಿನವನು ಟಿಕೆಟ್ ಕೊಡ್ತೀನಿ ಅಂದಿದ್ದಾನೆ, ಮೂರು ಸಲವೂ ಬೇಡ ಅಂತ ಎದ್ದು ಬಂದಿದ್ದೀರಿ. ಮನೆಗೆ ಬಂದು ನನ್ನ ಹತ್ರ ಏನಂದ್ರಿ? ಟಿಕೆಟ್ ಖಾಲಿ ಅಂದ್ರಿ!”

“ಮೆಲ್ಲಗೆ ಮಾತಾಡು. ಬೀದಿಗೆಲ್ಲ ಕೇಳಿಸ್ತಿದೆ.”

“ಕೇಳಿಸಲಿ. ಈ ಮಳೆಯಲ್ಲಿ ಆ ದ್ವೀಪಕ್ಕೆ ಹೋಗೋರು ಯಾರಿದ್ದಾರೆ, ಟಿಕೆಟ್ ಖಾಲಿಯಾಗೋಕೆ? ನನ್ನನ್ನ ಅಷ್ಟು ಪೆದ್ದಿ ಅಂದ್ಕೊಂಡ್ರಾ?”

ಕೊಡೆ ರಿಪೇರಿಯವನು ಹಲ್ಲಲ್ಲಿ ಕಚ್ಚಿಕೊಂಡಿದ್ದ ತಂತಿಯ ತುಂಡನ್ನು ನೆಲಕ್ಕೆ ಉಗಿದ. ಕಡ್ಡಿ ಮುರಿದ ಕೊಡೆಯೊಂದು ಅವನ ತೊಡೆಯ ಮೇಲೆ ಅರ್ಧ ಬಿಚ್ಚಿಕೊಂಡು ಬಿದ್ದಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸರಳಿನ ಮೇಲೆ ಇನ್ನೂ ನಲವತ್ತು ಕೊಡೆಗಳು ನೇತಾಡುತ್ತಿದ್ದವು, ಎಲ್ಲವೂ ನಾಳೆ ನಾಡಿದ್ದರೊಳಗೆ ಕೊಡಬೇಕಾದವು. ಮಳೆ ಬಂದರೆ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮಳೆ ನಿಂತರೆ ನೊಣ ಹೊಡೆಯುವ ಕೆಲಸ.

ಕಡ್ಡಿ ಅವನದು, ಬಟ್ಟೆ ಹೆಂಡತಿಯದು. ಇಪ್ಪತ್ತೆರಡು ವರ್ಷ ಅವಳು ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹೊಲಿದಳು. ಕಳೆದ ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, ಗಂಡನನ್ನು ಬಾಗಿಲಾಚೆ ಕರೆದು, “ಇದಕ್ಕೆ ಮದ್ದಿಲ್ಲ. ಒಂದು ವರ್ಷ ಕಾಣಬಹುದು, ಅದೂ ಹೆಚ್ಚು” ಎಂದಿದ್ದರು. ಕಣ್ಣು ಹೋಗುತ್ತಿದ್ದರೂ ಕಿವಿ ಚುರುಕಾಗಿತ್ತಲ್ಲ, ಅವಳಿಗೆ ಎಲ್ಲ ಕೇಳಿಸಿತ್ತು. ದಾರಿಯಲ್ಲಿ ಅಳಲಿಲ್ಲ. ಟೂರ್ ಆಫೀಸಿನ ಗಾಜಿನ ಮುಂದೆ ನಿಂತು, ಅಲ್ಲಿ ಅಂಟಿಸಿದ್ದ ದ್ವೀಪದ ಚಿತ್ರಕ್ಕೆ ಮೂಗು ತಾಗಿಸಿ ನೋಡಿದಳು. ಬಿಳಿ ಮರಳು, ಬಾಗಿದ ತೆಂಗಿನ ಮರ, ಹಸಿರಾಗಿದ್ದು ಆಮೇಲೆ ನೀಲಿಯಾಗುವ ನೀರು.

“ಇದನ್ನೊಂದು ಸಲ ನೋಡಬೇಕು ರೀ” ಎಂದಳು.

ಅವನು ಆಗಲೆಂದ. ಮನಸಾರೆಯೇ ಅಂದಿದ್ದ. ಆದರೆ ಅವನು ತರಕಾರಿಯವಳು ಗೋಣಿ ಮಡಚುವ ಹೊತ್ತಿಗೆ ಸಂತೆಗೆ ಹೋಗುವ ಜಾತಿಯವನು. ಮದುವೆಯ ಅಂಗಿಯನ್ನೂ ಅಂಗಡಿ ಮುಚ್ಚುವ ದಿನ ಕೊಂಡವನು. ಬೇಸಿಗೆಯಲ್ಲಿ ದ್ವೀಪದ ರೇಟು ಆಕಾಶದಲ್ಲಿರುತ್ತೆ, ಮಳೆ ಹಿಡಿದ ಮೇಲೆ ವಾರವಾರಕ್ಕೂ ಇಳಿಯುತ್ತೆ ಎಂದು ಗುಮಾಸ್ತ ಹೇಳಿದ್ದೇ ತಡ, ಅವನ ಮುಖ ಅರಳಿತು. ಮಳೆ ಹಿಡಿದ ಮೊದಲ ಸೋಮವಾರ ಹೋಗಿ ಕೇಳಿದಾಗ ಕಾಲು ಭಾಗ ಇಳಿದಿತ್ತು. ಎರಡನೆಯ ಸೋಮವಾರ ಅರ್ಧಕ್ಕರ್ಧ. ಮೂರನೆಯ ಸೋಮವಾರ ಗುಮಾಸ್ತ ಕೈಮುಗಿದು, “ಯಜಮಾನ್ರೇ, ಇದಕ್ಕಿಂತ ಇಳಿದ್ರೆ ನಾನೇ ನಿಮಗೆ ಕೈಖರ್ಚು ಕೊಟ್ಟು ಕಳಿಸ್ಬೇಕು” ಎಂದ.

“ಇನ್ನೂ ಇಳಿಯುತ್ತೆ” ಎಂದು ಇವನು ನಕ್ಕು ಎದ್ದು ಬಂದಿದ್ದ.

ಇವತ್ತು ಬೆಳಿಗ್ಗೆ ಅವಳೇ ಗೋಡೆ ಸವರಿಕೊಂಡು ಆ ಆಫೀಸಿಗೆ ಹೋಗಿದ್ದಳು. ಕಡಲು ಎದ್ದಿದೆ, ನಿನ್ನೆ ಹೋದದ್ದೇ ಕೊನೆಯ ಹಡಗು, ಇನ್ನು ನಾಲ್ಕು ತಿಂಗಳು ಇಲ್ಲ ಎಂದು ಗುಮಾಸ್ತ ಹೇಳಿದ. ಮೂರು ಸೋಮವಾರಗಳ ಕತೆಯನ್ನೂ ಹೇಳಿದ.

“ನಾಲ್ಕು ತಿಂಗಳು ತಾನೇ?” ಅವನು ದನಿ ತಗ್ಗಿಸಿದ. “ಮಳೆ ನಿಲ್ಲಲಿ, ಹೋಗೋಣ. ಆಣೆ ಮಾಡಿ ಹೇಳ್ತೀನಿ.”

“ಆಗ ರೇಟು?”

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಮುಚ್ಚಲಿಲ್ಲ.

“ಆಗ ಜಾಸ್ತಿನೇ ಬಿಡು. ದುಪ್ಪಟ್ಟು ಕೇಳ್ತಾರೆ ಕಳ್ಳರು. ಆದ್ರೆ ಮುಂದಿನ ಮಳೆಗಾಲ ಶುರುವಾಗೋ ಹೊತ್ತಿಗೆ ಹೋದ್ರೆ—”

ಹೇಳಿದ ಮೇಲೆ ಅವನಿಗೇ ಅರ್ಥವಾಯಿತು. ಅವಳು ಅವನಿದ್ದ ಕಡೆ ಮುಖ ಮಾಡಿದಳು.

“ನೀವು ಕೂತಿರೋದು ಕಾಣುತ್ತೆ. ಮುಖ ಕಾಣಲ್ಲ. ಹೊಗೆ ಇದ್ದ ಹಾಗಿದೆ” ಎಂದಳು. “ಮುಂದಿನ ಮಳೆಗಾಲ ಪುಕ್ಕಟೆ ಕರ್ಕೊಂಡು ಹೋಗ್ತಾರೇನೋ. ಏನು ನೋಡ್ಲಿ?”

ನಾಚಿಕೆ ಅವನಿಗೆ ಕೋಪವಾಗಿಯೇ ಬರುವುದು, ಮೊದಲಿಂದಲೂ ಹಾಗೇ. “ಹಾಗಾದ್ರೆ ಈಗ್ಲೇ ಹೋಗು! ಈಜ್ಕೊಂಡು ಹೋಗು! ಯಾರು ಹಿಡ್ಕೊಂಡಿದ್ದಾರೆ ನಿನ್ನ?”

ಅವಳು ಕಾಲಿನಿಂದ ತಡಕಿ ಚಪ್ಪಲಿ ಮೆಟ್ಟಿಕೊಂಡಳು, ಮೆಟ್ಟಿಲು ಎಣಿಸುತ್ತ ಇಳಿದಳು. ಬೀದಿಯ ಮೂಲೆಯವರೆಗೆ ಹೋಗಿ ಬರುತ್ತಾಳೆ ಎಂದುಕೊಂಡು ಅವನು ಕಡ್ಡಿಗೆ ತಂತಿ ಸುತ್ತಿದ. ನಾಲ್ಕು ಕೊಡೆ ಮುಗಿದವು.

ಮಧ್ಯಾಹ್ನ ಇಸ್ತ್ರಿಯವಳು ಬಂದು, “ಅಣ್ಣಾ, ಅಕ್ಕ ಬಸ್ ಸ್ಟಾಪಲ್ಲಿ ನಿಂತಿದ್ರು. ಬಸ್ಸಿನ ಬೋರ್ಡು ಓದಿ ಹೇಳಿ ಅಂತ ಎಲ್ಲರನ್ನೂ ಕೇಳ್ತಿದ್ರು” ಎಂದಳು.

“ಯಾವ ಬಸ್ಸು ಹತ್ತಿದ್ಲು?”

“ನೋಡ್ಲಿಲ್ಲ ಅಣ್ಣಾ.”

ಅವನು ಬಸ್ ಸ್ಟಾಪಿಗೆ ಓಡಿದ. ಅಲ್ಲಿ ಯಾರೂ ಇರಲಿಲ್ಲ. ಹೆಂಡತಿಯ ಅಕ್ಕನ ಮನೆಯಲ್ಲಿ ಕೇಳಿದ, ಆಸ್ಪತ್ರೆಯಲ್ಲಿ ಕೇಳಿದ. ಹಡಗುಕಟ್ಟೆಯವರೆಗೂ ಹೋಗಿ ಬಂದ. ಅಲ್ಲಿನ ಗೇಟಿಗೆ ಬೀಗ ಬಿದ್ದಿತ್ತು. ಆ ವಾರ ಅವಳು ಬರಲಿಲ್ಲ. ಮಳೆ ನಿಂತ ಮೇಲೂ ಬರಲಿಲ್ಲ.