ಈ ಟೂಲಿಗೆ ಕಾಣದ್ದು

ಲೋಕೇಶನಿಗೆ ಬರೆಯೋದು ಅಂದ್ರೆ ಫ್ಲೆಕ್ಸು ಕಟ್ಟಿಸಿದ ಹಾಗೆ. ಕುಂದಲಹಳ್ಳಿ ಬಸ್‌ಸ್ಟಾಪಿನಲ್ಲಿ ಅವನ ಹುಟ್ಟುಹಬ್ಬಕ್ಕೆ ಏರುವ ಫ್ಲೆಕ್ಸಿನ ಹೊಗಳಿಕೆಯನ್ನೇ ಅವನು ತನ್ನ ಕಂಪನಿಯ ಸಾಫ್ಟ್‌ವೇರಿಗೂ ಬಳಿದಿದ್ದ. ಅಪ್ಪನ ಜಾಗ, ಅಪ್ಪನ ಕಟ್ಟಡ, ಮೂರನೇ ಮಹಡಿಯಲ್ಲಿ ಮಗನ ಕಂಪನಿ. ಅಲ್ಲಿ ಕೆಲಸಕ್ಕಿದ್ದ ಸುಮಂಗಲಾ ಆ ಸಾಲುಗಳನ್ನು ಓದಿದಾಗಲೆಲ್ಲ, ಹಳಸಿದ ಸಾರಿನ ಪಾತ್ರೆ ಮುಚ್ಚಳ ತೆಗೆದವಳ ಹಾಗೆ ಮುಖ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಅವರ ಕೆಲಸ ಇಷ್ಟು: ಬರೆದವರು ಯಾರೂ ಉಳಿದಿಲ್ಲದ, ಮೂಲಪ್ರತಿಯೂ ಸಿಗದ ಪ್ರೋಗ್ರಾಮನ್ನು ಯಂತ್ರದಿಂದ ಹೊರತೆಗೆದು, ಹಿಂದಿನಿಂದ ಬಿಚ್ಚಿ ಓದೋದು. ಹೊಲಿದ ರವಿಕೆಯ ಹೊಲಿಗೆ ಬಿಚ್ಚಿ ಕತ್ತರಿ ಎಲ್ಲಿ ಓಡಿತ್ತು ಅಂತ ನೋಡ್ತಾರಲ್ಲ, ಹಾಗೆ. ಓದುತ್ತಿದ್ದದ್ದು ಎಐ ಏಜೆಂಟ್. ಅದಕ್ಕೆ ಸ್ವಂತ ಕಣ್ಣಿಲ್ಲ, ಕೈಯಿಲ್ಲ. ಇಪ್ಪತ್ತು ಟೂಲುಗಳಿವೆ, ಒಂದೊಂದರ ಮೇಲೂ ಎರಡು ಸಾಲು ವಿವರಣೆ. ಬರೆದವನು ಸುಳ್ಳ ಅಂತ ಅನುಮಾನಪಡೋದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಬರೆದದ್ದನ್ನು ಹಾಗೇ ನಂಬುತ್ತಿತ್ತು.

ಪೀಣ್ಯದಲ್ಲಿ ಶೆಡ್ ನಡೆಸುವ ಈಶ್ವರಮ್ಮ ಒಂದು ಪ್ರೆಸ್ಸಿನ ಪ್ರೋಗ್ರಾಮು ತಂದಿದ್ದರು. ತಗಡು ಒತ್ತುವ ಪ್ರೆಸ್ಸು. ಎರಡು ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ಮೇಲಿನ ಅಚ್ಚು, ಅಂದರೆ ಡೈ, ಬೀಳಬೇಕು, ಕೈ ಅದರಡಿ ಇರಬಾರದು ಅಂತಲೇ ಆ ಏರ್ಪಾಡು. ಆದರೆ ಒಂದೇ ಬಟನ್ನಿಗೆ ಎರಡು ಸಲ ಬಿತ್ತು. ಮೊದಲ ಸಲ ಆಪರೇಟರ್ ಭರಮಪ್ಪನ ಕೈಗವಸು ಹರಿಯಿತು, ಎರಡನೇ ಸಲ ಉಗುರು ಹೋಯಿತು. ಭರಮಪ್ಪ ಗದಗದ ಕಡೆಯವನು, ಬಾಗಲಗುಂಟೆಯಲ್ಲಿ ರೂಮು. 'ಡೈ ಬದಲಿ ಮಾಡಿದ ಮ್ಯಾಲೆ ಮೊದಲನೇ ಏಟು ಹಿಂಗ ಬೀಳತೈತ್ರಿ' ಅಂತ ಅವನು ಬಾಯಿ ಬಡಿದುಕೊಂಡ. ಸೂಪರ್‌ವೈಸರು, 'ಬೇಗ ಪೀಸು ತೆಗೆಯೋಕೆ ಒಂದು ಬಟನ್ನು ಒತ್ತೇ ಇರೋ ಹಾಗೆ ದಾರ ಕಟ್ಟಿರ್ತಾನೆ' ಅಂದುಬಿಟ್ಟ. ಪ್ರೋಗ್ರಾಮು ಸರಿಯಿದ್ದರೆ ಭರಮಪ್ಪ ಸುಳ್ಳ, ಸೋಮವಾರದಿಂದ ಅವನು ಮನೆಗೆ, ಪ್ರೆಸ್ಸಿನೊಳಗೆ ಇನ್ನೊಬ್ಬನ ಕೈ.

ಏಜೆಂಟ್ ಅರ್ಧ ಗಂಟೆಯಲ್ಲಿ ಉತ್ತರ ಕೊಟ್ಟಿತು: ಪ್ರೋಗ್ರಾಮಿನಲ್ಲಿ ಅಚ್ಚು ಬೀಳಿಸುವ ಭಾಗವನ್ನು ಕರೆದು ಓಡಿಸುವುದು ಒಂದೇ ಜಾಗ, ಅಲ್ಲಿ ಎರಡೂ ಬಟನ್ನಿನ ತಪಾಸಣೆ ಇದೆ, ಯಂತ್ರ ಸುರಕ್ಷಿತ.

ಸುಮಂಗಲಾ ಅದು ಬಳಸಿದ ಟೂಲಿನ ವಿವರಣೆ ತೆಗೆದಳು. ಲೋಕೇಶನದೇ ಬರವಣಿಗೆ: 'ಯಾರು ಯಾರನ್ನು ಕರೆಯುತ್ತಾರೆ ಎಂಬುದನ್ನು ಸಂಪೂರ್ಣವಾಗಿ, ಕ್ಷಣಾರ್ಧದಲ್ಲಿ ಪತ್ತೆಹಚ್ಚುವ ಅದ್ಭುತ ಸಾಧನ.' ಸಂಪೂರ್ಣ ಎಲ್ಲಿ ಬಂತು? ನೇರವಾಗಿ ಕರೆಯುವವರಷ್ಟೇ ಅದಕ್ಕೆ ಕಾಣೋದು. ಪ್ರೋಗ್ರಾಮಿನ ಯಾವ ಭಾಗ ಎಲ್ಲಿದೆ ಅನ್ನೋ ವಿಳಾಸಗಳ ಪಟ್ಟಿ ನೋಡಿ ಬಳಸುದಾರಿಯಲ್ಲಿ ಕರೆಯುವವರು ಕಾಣೋದೇ ಇಲ್ಲ. ಮುಂಬಾಗಿಲಲ್ಲಿ ಕೂತವನು ಹಿತ್ತಲಲ್ಲಿ ಯಾರೂ ಬರಲಿಲ್ಲ ಅಂತ ಆಣೆ ಮಾಡಿದ ಹಾಗಾಯಿತು.

ಅವಳು ಎಲ್ಲವನ್ನೂ ಅಳಿಸಿ ಬರೆದಳು: 'ನೇರವಾಗಿ ಕರೆಯುವ ಜಾಗಗಳನ್ನು ಮಾತ್ರ ತೋರಿಸುತ್ತದೆ. ವಿಳಾಸಪಟ್ಟಿಯ ಮೂಲಕ ಬರುವ ಕರೆ ಇದಕ್ಕೆ ಕಾಣದು. ಇಲ್ಲಿ ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸಬೇಡ. ಪಟ್ಟಿ ಓದುವ ಟೂಲಿನಿಂದಲೂ ಹುಡುಕು.'

ಲೋಕೇಶ ಹಿಂದೆ ಬಂದು ನಿಂತು ಓದಿ ನಕ್ಕ. "ಏನ್ ಸುಮಾ ಇದು? ನಮ್ ಮಾಲಿಗೆ ನಾವೇ ಕುರುಡು ಅಂತ ಬೋರ್ಡ್ ಹಾಕೋದಾ?"

"ಕುರುಡಿರೋ ಜಾಗ ಹೇಳಿದ್ರೆ ಏಜೆಂಟ್ ಎಡವಲ್ಲ ಸಾರ್."

"ಕಸ್ಟಮರ್ ಸ್ಕ್ರೀನಲ್ಲೂ ಈ ಲಿಸ್ಟ್ ಬರುತ್ತೆ ಕಣಮ್ಮ. ಕಾಣದು, ಬೇಡ, ಮಾತ್ರ... ಮಾತ್ರೆ ಪ್ಯಾಕೆಟ್ ಥರ ಇದೆ. ಸ್ವಲ್ಪ ಸ್ಟ್ಯಾಂಡರ್ಡ್ ಇರ್ಲಿ!"

ತನ್ನ ಅದ್ಭುತವನ್ನು ಮತ್ತೆ ಕೂರಿಸಿ ಹೋದ. ಓದುವವರು ಯಾರು ಅಂತಲೇ ತಿಳಿಯದವನಿಗೆ ಬರವಣಿಗೆಯ ಜಂಬ ಬೇರೆ ಅಂತ ಸುಮಂಗಲಾ ಹಲ್ಲು ಕಚ್ಚಿದಳು. ಬರೆದದ್ದರ ಒಂದು ಪ್ರತಿ ಮಾತ್ರ ತನ್ನ ಹತ್ತಿರ ಇಟ್ಟುಕೊಂಡಳು.

ಶುಕ್ರವಾರ ಈಶ್ವರಮ್ಮ ವರದಿ ತಗೊಳ್ಳೋಕೆ ಬಂದರು. ಲೋಕೇಶ ದೊಡ್ಡ ಪರದೆ ಹಚ್ಚಿ, "ನೂರಕ್ಕೆ ನೂರು ಸೇಫ್ ಮೇಡಂ. ತಪ್ಪು ನಿಮ್ ಆಪರೇಟರ್‌ದೇ. ಇವ್ರೆಲ್ಲ ಹಿಂಗೇ" ಅಂದ. ಪ್ರೆಸ್ಸು ಹೇಗಿರುತ್ತೆ ಅಂತ ಫೋಟೋದಲ್ಲಿ ಬಿಟ್ಟರೆ ಅವನು ನೋಡಿದ್ದೇ ಇಲ್ಲ.

ಸುಮಂಗಲಾ ಎದ್ದು ನಿಂತಳು. "ಅರ್ಧ ಸುಳ್ಳು ಮೇಡಂ. ಇದು ಮುಂಬಾಗಿಲಷ್ಟೇ ನೋಡಿದೆ."

"ಸುಮಾ, ಕೂತ್ಕೋ."

"ಅವಳು ನಿಂತೇ ಇರ್ಲಿ ಬಿಡಪ್ಪಾ," ಅಂದರು ಈಶ್ವರಮ್ಮ. "ಹಿತ್ತಲು ಯಾಕೆ ನೋಡಲಿಲ್ಲ?"

"ಇವರು ಅದಕ್ಕೆ ಹಿತ್ತಲೇ ಇಲ್ಲ ಅಂತ ಬರೆದಿದ್ದಾರೆ."

ಲೋಕೇಶ ಬಾಯಿ ತೆರೆಯುವಷ್ಟರಲ್ಲಿ ಅವಳು ತನ್ನ ವಿವರಣೆ ಹಾಕಿ, ಅದೇ ಪ್ರಶ್ನೆ ಕೇಳಿ, ಏಜೆಂಟನ್ನು ಓಡಿಸಿಬಿಟ್ಟಳು. ಮೂರೂ ಜನ ಪರದೆ ನೋಡುತ್ತಿದ್ದರು. ಏಜೆಂಟ್ ಮೊದಲ ಟೂಲು ಹಿಡಿಯಿತು, ಒಂದು ಜಾಗ ಸಿಕ್ಕಿತು. ಈ ಸಲ ಅಲ್ಲಿಗೇ ನಿಲ್ಲದೆ ವಿಳಾಸಪಟ್ಟಿಗೆ ಕೈಹಾಕಿತು. ಎರಡನೇ ದಾರಿ ಅಲ್ಲಿತ್ತು. ಡೈ ಕೂರಿಸುವಾಗ ಒಂದೇ ಬಟನ್ನಿನಿಂದ ಮೆಲ್ಲಗೆ ಇಳಿಸಲು ಮಾಡಿದ ದಾರಿ. ಕೆಲಸ ಮುಗಿದ ಮೇಲೂ ಅದು ಮುಚ್ಚುತ್ತಿರಲಿಲ್ಲ, ಒಂದು ಪೂರ್ತಿ ಏಟು ಬೀಳುವವರೆಗೂ ತೆರೆದೇ ಇರುತ್ತಿತ್ತು.

"ಡೈ ಬದಲಿಸಿದ ಮೇಲೆ ಮೊದಲನೇ ಏಟು," ಅಂದರು ಈಶ್ವರಮ್ಮ, ತಮಗೇ ಹೇಳಿಕೊಂಡ ಹಾಗೆ.

ಲೋಕೇಶನಿಗೆ ನಾಚಿಕೆ ಆಗಿರಬಹುದು ಅಂದುಕೊಂಡರೆ ಅದು ನಮ್ಮ ತಪ್ಪು. "ನೋಡಿದ್ರಾ ಮೇಡಂ, ನಮ್ ಏಜೆಂಟ್ ಪವರು!" ಅಂತ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

ಈಶ್ವರಮ್ಮ ಅವನ ಕಡೆ ತಿರುಗಲೂ ಇಲ್ಲ. ಶೆಡ್ಡಿಗೆ ಫೋನು ಹಚ್ಚಿ ಭರಮಪ್ಪನನ್ನು ಕರೆಸಿದರು. "ಭರಮಪ್ಪಾ, ಆ ಪ್ರೆಸ್ಸು ಆಫ್ ಮಾಡಿ ಮೇನ್ ಸ್ವಿಚ್ಚಿಗೆ ಬೀಗ ಹಾಕು. ಯಾರೂ ಮುಟ್ಟೋದು ಬೇಡ. ತಪ್ಪು ಮೆಷಿನ್‌ದೇ ಅಂತೆ, ಕಂಪ್ಯೂಟರ್ ಹೇಳ್ತು."

ಸ್ಪೀಕರಿನಲ್ಲಿ ಶೆಡ್ಡಿನ ಗದ್ದಲ ಕೇಳಿಸಿತು. ಆಮೇಲೆ ಭರಮಪ್ಪನ ದನಿ, ಸಾವಕಾಶವಾಗಿ.

"ಹೌದೇನ್ರಿ ಅಕ್ಕಾರ? ನಾ ಎರಡು ತಿಂಗಳಿಂದ ಅದನ್ನ ಹೇಳಾಕತ್ತಿದ್ನಲ್ರಿ. ಉಗುರು ಹೋದಾಗ ತೋರ್ಸಾಕೂ ಬಂದಿದ್ದೆ. ನೀವು ದಾರ ಎಲ್ಲೈತಿ ತೋರ್ಸು ಅಂದ್ರಿ."

ಸುಮಂಗಲಾಗೆ ಈಶ್ವರಮ್ಮನ ಮುಖ ನೋಡುವ ಮನಸ್ಸಾಗಲಿಲ್ಲ.

"ಬೀಗ ಹಾಕ್ತೀನ್ರಿ," ಅಂದ ಭರಮಪ್ಪ. "ಕೀಲಿ ಮಾತ್ರ ನನ್ ಹಂತ್ಯಾಕ ಇರತೈತಿ. ಸೂಪರ್‌ವೈಸರಿಗೆ ಕೊಡಂಗಿಲ್ಲ."

"ನಿನ್ನ ಹತ್ರಾನೇ ಇರ್ಲಿ," ಅಂದರು ಈಶ್ವರಮ್ಮ.