ಉಪವಾಸಕ್ಕೆ ಅವಲಕ್ಕಿ ನಡೆಯುವುದಿಲ್ಲವಂತೆ

ಸಾಬುದಾಣಿ, ಅಂದರೆ ಸಬ್ಬಕ್ಕಿಯ ಮೇಲೆ ನನಗೆ ವೈಯಕ್ತಿಕ ದ್ವೇಷವೇನಿಲ್ಲ ಎಂದು ಶುರು ಮಾಡುವುದು ಸಭ್ಯತೆ. ಆದರೆ ದ್ವೇಷ ಇದೆ, ಅದೂ ವೈಯಕ್ತಿಕವೇ. ರಾತ್ರಿಯೆಲ್ಲ ನೀರಿನಲ್ಲಿ ಕೂತು ಕಪ್ಪೆಯ ಮೊಟ್ಟೆಯಂತೆ ಉಬ್ಬಿ, ಬೆಳಗ್ಗೆ ತುಪ್ಪದಲ್ಲಿ ಈಜು ಹೊಡೆದು, ಬಟಾಟೆಯನ್ನು ತಬ್ಬಿಕೊಂಡು, ಶೇಂಗಾಪುಡಿಯನ್ನು ಮೈತುಂಬ ಬಳಿದುಕೊಂಡು ತಟ್ಟೆಗೆ ಬಂದು 'ನಾನು ಉಪವಾಸ' ಎನ್ನುವ ಈ ಪದಾರ್ಥ ಪುಣೆಯಲ್ಲಿ ಪವಿತ್ರ. ಒಂದು ಹಿಡಿ ತೆಳು ಅವಲಕ್ಕಿ, ಪಾಪ, ಎರಡು ಹನಿ ಎಣ್ಣೆಯಲ್ಲಿ ಮುಖ ಒರೆಸಿಕೊಂಡು ಬಂದರೆ ಅದು ಭ್ರಷ್ಟ! ಈ ನ್ಯಾಯಕ್ಕೆ ತೊಂಬತ್ತೆಂಟನೆಯ ಇಸವಿಯಲ್ಲಿ ನಾನು ಬಲಿಯಾದೆ. ಅದೂ ಬಾಯಿ ಮುಚ್ಚಿಕೊಂಡು ಬಲಿಯಾದೆ. ಇದು ಅಲಂಕಾರವಲ್ಲ, ವೈದ್ಯರ ಆಜ್ಞೆ.

ಆ ವರ್ಷದ ಗಣೇಶೋತ್ಸವದಲ್ಲಿ ಹತ್ತು ದಿನವೂ ಒಂದಲ್ಲ ಒಂದು ಮಂಡಳದ ಮಂಟಪದಲ್ಲಿ ನನ್ನ ಮಿಮಿಕ್ರಿ ಇತ್ತು. ಬೆಳಗ್ಗೆ ಇನ್ಶೂರನ್ಸ್ ಕಚೇರಿಯ ಗುಮಾಸ್ತ ಶಿವಪ್ರಕಾಶ, ಸಂಜೆ ಮೈಕಿನ ಮುಂದೆ ಇಡೀ ಪುಣೆ. ಎಲ್ಲಿಗೆ ಕರೆದರೂ ಬರಲೊಲ್ಲದ ರಿಕ್ಷಾದವನು, ಲೋಣಾವಳಾ ಪ್ಲಾಟ್‌ಫಾರ್ಮಿನಲ್ಲಿ ಮೂಗಿನಿಂದ ಚಿಕ್ಕಿ ಮಾರುವವನು, ಗ್ಯಾಸ್ ಮುಗಿಯುತ್ತಿರುವ ಒಲೆಯ ಮೇಲಿನ ಕುಕ್ಕರು. ಆದರೆ ಜನ 'ಒನ್ಸ್ ಮೋರ್' ಎನ್ನುತ್ತಿದ್ದದ್ದು ಕಡೆಯ ಐಟಮ್ಮಿಗೆ. ಅದು ನಮ್ಮ ಮೇಲಿನ ಮನೆಯ ಪಳಸುಲೆ ಕಾಕು. 'ಚಾಲತ ನಾಹೀ!' ಎಂಬ ಎರಡೇ ಮಾತಿನಲ್ಲಿ ಕರ್ವೆ ನಗರದ ನಮ್ಮ ಕಟ್ಟಡವನ್ನು ಆಳುತ್ತಿದ್ದ ಹೆಂಗಸು. ನಡೆಯುವುದಿಲ್ಲ. ಮೆಟ್ಟಿಲ ಕೆಳಗೆ ಸೈಕಲ್ ನಡೆಯುವುದಿಲ್ಲ, ಮಾಳಿಗೆಯ ಮೇಲೆ ನಮ್ಮವ್ವನ ಸಂಡಿಗೆ ನಡೆಯುವುದಿಲ್ಲ, ಅದನ್ನು ಕಾಯಲು ಇಟ್ಟ ಕರೀ ಕೊಡೆ ಅಂತೂ ನಡೆಯುವುದೇ ಇಲ್ಲ.

ಹನ್ನೊಂದನೆಯ ದಿನ ಬಾಯಿ ತೆಗೆದರೆ ಗಾಳಿ ಮಾತ್ರ ಬಂತು. ಗಂಟಲಲ್ಲಿ ಗಂಟು ಎಂದರು ಡಾಕ್ಟರು. ದುಡ್ಡಿನ ಗಂಟಾಗಿದ್ದರೆ ಅಪ್ಪನಾದರೂ ಸಂತೋಷಪಡುತ್ತಿದ್ದ. ಮಾತು ಬಂದ್, ಪಿಸುಮಾತೂ ಬಂದ್. ಮೊದಲು ಮೂರು ವಾರ ಎಂದವರು ಆಮೇಲೆ 'ಊತ ಇಳಿದಿಲ್ಲ, ಇನ್ನಷ್ಟು' ಎನ್ನುತ್ತ ಹೋದರು. ಜೊತೆಗೆ ಕರಿದದ್ದು, ಖಾರದ್ದು, ಹುಳಿಯದ್ದು, ತಣ್ಣಗಿನದ್ದು, ಗರಿಗರಿಯಾದದ್ದು ಎಲ್ಲ ಬಂದ್. ಇವಿಷ್ಟನ್ನು ಬಿಟ್ಟ ಮೇಲೆ ಜಗತ್ತಿನಲ್ಲಿ ಉಳಿಯುವುದು ಮೆತ್ತನ್ನ ಅನ್ನ ಮತ್ತು ವೈರಾಗ್ಯ. ವಡಾಪಾವಿನ ಗಾಡಿಯ ಮುಂದೆ ಉಸಿರು ಹಿಡಿದು ನಡೆಯುತ್ತಿದ್ದೆ. ಕಚೇರಿಯಲ್ಲಿ ಸಾಹೇಬರು ನನ್ನ ಕೆಲಸ ಸುಧಾರಿಸಿದೆ ಎಂದು ಎಲ್ಲರೆದುರು ಹೊಗಳಿದರು. ಉತ್ತರ ಕೊಡಲಾಗದವನನ್ನು ಹೊಗಳುವುದು ಎಂಥ ಹೇಡಿತನ!

ನನ್ನವ್ವ ಗೌರಾಬಾಯಿ ಗಾಬರಿಯಾದಳು. ಮೂವತ್ತು ವರ್ಷ ಪುಣೆಯಲ್ಲಿದ್ದೂ ವಿಜಾಪುರದ ಕಡೆಯ ಮಾತು ಬಿಡದ ಹೆಣ್ಣುಮಗಳು. ಕಾಕು ಮರಾಠಿಯಲ್ಲಿ, ಅವ್ವ ಕನ್ನಡದಲ್ಲಿ, ಒಬ್ಬರ ಮಾತು ಒಬ್ಬರು ಬಿಡದೆ ಅರ್ಥಮಾಡಿಕೊಂಡು ಜಗಳ ಆಡುತ್ತಿದ್ದರು. ಅಂಥ ಅವ್ವ ತಾನಾಗಿ ಮೇಲೆ ಹತ್ತಿ ಹೋಗಿ ಕೇಳಿದಳು. ಕಾಕು ಹೇಳಿಕೊಟ್ಟರು: ಸೋಳಾ ಸೋಮವಾರ. ಹದಿನಾರು ಸೋಮವಾರ ಶಿವನಿಗೆ ಉಪವಾಸ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಲ ಫಳಾರ. ಮಗನ ಧ್ವನಿ ಬಂದೇ ಬರುತ್ತದೆ.

ಫಳಾರ ಎಂದರೆ ಏನೆಂದು ಕಾಕು ಹೇಳಲಿಲ್ಲ, ಅವ್ವ ಕೇಳಲಿಲ್ಲ. ಯಾಕೆ ಕೇಳಬೇಕು? ನಮ್ಮ ಕಡೆ ಫಳಾರ ಎಂದರೆ ಅವಲಕ್ಕಿ ಎಂದು ಹಸುಗೂಸಿಗೂ ಗೊತ್ತು. ಅವರ ಕಡೆ ಸಾಬುದಾಣಿ ಎಂದು ಅವರ ಹಸುಗೂಸಿಗೂ ಗೊತ್ತು. ವ್ರತ ಮೇಲಿನ ಮನೆಯದ್ದು, ತಟ್ಟೆ ಕೆಳಗಿನ ಮನೆಯದ್ದು.

ಪ್ರತಿ ಸೋಮವಾರ ಸಂಜೆ ಅವ್ವ ಅಡುಗೆಮನೆಯಲ್ಲಿ ಅವಲಕ್ಕಿ ಹಚ್ಚುತ್ತಿದ್ದಳು. ಉಳ್ಳಾಗಡ್ಡಿ ಇಲ್ಲ, ವ್ರತ ನೋಡಿ. ಕರಿಬೇವು ಚಟಪಟ, ಅರಿಶಿಣ, ಶೇಂಗಾ, ಪುಠಾಣಿ, ಒಣಕೊಬ್ಬರಿಯ ಹೋಳು, ಚೂರು ಬೆಲ್ಲ, ಕೊನೆಗೆ ಬೆರಳ ತುದಿಯಿಂದ ಮಸಾಲಿ ಖಾರ. ಆ ವಾಸನೆಗೆ ನನ್ನ ಬಾಲ್ಯವೆಲ್ಲ ಎದ್ದು ಬಂದು ಬಾಗಿಲಲ್ಲಿ ಕೂಡುತ್ತಿತ್ತು. ನಾನೂ ಕೂಡುತ್ತಿದ್ದೆ, ಮೆತ್ತನ್ನ ಅನ್ನದ ತಾಟು ಹಿಡಿದು. ನನ್ನ ಧ್ವನಿಗಾಗಿ ಅವಳು ನನ್ನ ಮೆಚ್ಚಿನ ತಿಂಡಿ ತಿನ್ನುವುದು, ನಾನು ನೋಡುವುದು. ಉಪವಾಸ ಯಾರದ್ದು ಸ್ವಾಮಿ?

ಹೀಗೆ ಹನ್ನೆರಡನೆಯ ಸೋಮವಾರ ಬಂತು. ಅಂದು ಸಂಜೆ ಕಾಕು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ನೇರ ಅಡುಗೆಮನೆಗೇ ಬಂದರು. ಅವ್ವನ ಕೈ ತಟ್ಟೆಗೂ ಬಾಯಿಗೂ ನಡುವೆ ಇತ್ತು.

"ಅಗ ಬಾಈ! ಪೋಹೆ? ಉಪವಾಸಾಲಾ ಪೋಹೆ?"

"ಹೌದ್ರಿ, ಅವಲಕ್ಕಿ. ಬರ್ರಿ, ಕೂಡ್ರಿ. ನಿಮಗೂ ಹಾಕ್ತೀನಿ."

"ಪೋಹೆ ಮ್ಹಣಜೆ ಭಾತಚ! ಆಣಿ ಹಳದ! ಆಣಿ ಡಾಳ! ಚಾಲತ ನಾಹೀ, ಗೌರಾಬಾಈ, ಚಾಲತ ನಾಹೀ!"

ಅವಲಕ್ಕಿ ಎಂದರೆ ಅನ್ನವೇ. ಅರಿಶಿಣ ಎರಡನೆಯ ಅಪರಾಧ. ಪುಠಾಣಿ ಬೇಳೆಯ ಜಾತಿ, ಮೂರನೆಯದು. ಶಿಕ್ಷೆಯನ್ನೂ ಅಲ್ಲೇ ನಿಂತು ಓದಿದರು. ಹನ್ನೆರಡು ಸೋಮವಾರವೂ ವ್ಯರ್ಥ. ಶಿವ ಒಂದನ್ನೂ ಜಮಾ ಮಾಡಿಕೊಂಡಿಲ್ಲ. ಮತ್ತೆ ಒಂದರಿಂದ.

ಅವ್ವನ ಕೈ ಕೆಳಗಿಳಿಯಿತು. ಅವಲಕ್ಕಿ ತಟ್ಟೆಗೆ ವಾಪಸು ಬಿತ್ತು. "ಅಂದ್ರ... ಇವನ ದನಿ ಬರೂದಿಲ್ಲೇನ್ರಿ?" ಎಂದಳು.

ಆ ಮೆಲ್ಲನೆಯ ಪ್ರಶ್ನೆ ಕೇಳಿ ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಗಂಟು ಒಡೆದು ಹೊರಗೆ ಬರಬೇಕಿತ್ತು. ಬರಲಿಲ್ಲ. ಮಾತಿನ ಬದಲಿಗೆ ಇಟ್ಟುಕೊಂಡಿದ್ದ ಪಾಟಿ ಎಳೆದುಕೊಂಡು ಬಳಪದಿಂದ ಮರಾಠಿಯಲ್ಲಿ ಗೀಚಿದೆ: ಸುದಾಮ ಕೃಷ್ಣನಿಗೆ ತಂದುಕೊಟ್ಟದ್ದು ಅವಲಕ್ಕಿಯೇ ಅಲ್ಲವೇ? ಕಾಕು ಕನ್ನಡಕ ಏರಿಸಿ ಓದಿದರು. ನನ್ನ ಕೈಯಿಂದ ಬಳಪ ಕಸಿದು ಮೊದಲು ನನ್ನ ಒಂದು ದೀರ್ಘವನ್ನು ಹ್ರಸ್ವ ಮಾಡಿದರು. ಆಮೇಲೆ ಹೇಳಿದರು, "ಕೃಷ್ಣಾಚಾ ತ್ಯಾ ದಿವಶೀ ಉಪವಾಸ ನವ್ಹತಾ."

ಕೃಷ್ಣನಿಗೆ ಅಂದು ಉಪವಾಸ ಇರಲಿಲ್ಲವಂತೆ! ಪ್ರತ್ಯಕ್ಷ ನೋಡಿದವರ ಹಾಗೆ! ಸುದಾಮನ ಕಾಲಕ್ಕೆ ದ್ವಾರಕೆಯಲ್ಲಿ ಕಾಕು ಇರಲಿಲ್ಲ. ಅವ ಲಕ್ಕಿ. ಇದನ್ನೂ ಬರೆಯಬಹುದಿತ್ತು, ಆದರೆ ಕನ್ನಡದ ಈ ಚೇಷ್ಟೆ ಮರಾಠಿಗೆ ಹತ್ತುವುದಿಲ್ಲ. ಇನ್ನೊಂದು ಬರೆಯಲು ಪಾಟಿಯಲ್ಲಿ ಜಾಗವೇ ಸಾಲಲಿಲ್ಲ: ಈ ಸಾಬುದಾಣಿ ಮಾಡುವ ಮರಗೆಣಸು, ಬಟಾಟೆ, ಶೇಂಗಾ, ಹಸಿಮೆಣಸಿನಕಾಯಿ ನಾಲ್ಕೂ ಹಡಗು ಹತ್ತಿ ಪರದೇಶದಿಂದ ಬಂದವು. ಕೈಲಾಸದಲ್ಲಿ ಇವುಗಳ ಹೆಸರು ಕೇಳಿದವರಿಲ್ಲ. ನಿನ್ನೆ ಬಂದ ಬಾಡಿಗೆದಾರರು ಕೂಡಿ ಮನೆಯ ಹಿರಿಯಳನ್ನು ಹೊರಗೆ ಹಾಕುವುದೆಂದರೇನು?

ಅವ್ವ ಮಾತ್ರ ತಟ್ಟೆ ಸರಿಸಿದಳು. ಅವಲಕ್ಕಿಯ ಡಬ್ಬಿಯ ಬಾಯಿಗೆ ಅರಿವೆ ಬಿಗಿದು ಕಪಾಟಿನ ಮೇಲಿನ ಹಲಗೆಗೆ ಏರಿಸಿದಳು. ಮುಂದಿನ ವಾರದಿಂದ ಮೊದಲನೆಯ ಸೋಮವಾರ, ಸಾಬುದಾಣಿ.

ಸಾಬುದಾಣಿ ಅವಳಿಗೆ ಆಗಲಿಲ್ಲ. ರಾತ್ರಿಯಿಡೀ ಹೊಟ್ಟೆ ಹಿಡಿದು ಕೂಡುತ್ತಿದ್ದಳು. ಕಾಕುವಿನದ್ದು ಕೆಟ್ಟ ಬುದ್ಧಿ ಎಂದಾದರೂ ಹೇಳೋಣವೆಂದರೆ ಅದಕ್ಕೂ ಅವಕಾಶವಿಲ್ಲ. ಪ್ರತಿ ಸೋಮವಾರ ಸಂಜೆ ತಾವೇ ಸಾಬುದಾಣಿ ಖಿಚಡಿ ಮಾಡಿ, ಮೇಲೆ ತಟ್ಟೆ ಮುಚ್ಚಿ ತಂದುಕೊಡುತ್ತಿದ್ದರು. 'ನಿಮಗೆ ಕಾಳು ಬಿಡಿಬಿಡಿಯಾಗಿ ಬರುವುದಿಲ್ಲ' ಎಂದು ಒಂದು ಚಿವುಟನ್ನೂ ಕೊಡುತ್ತಿದ್ದರು. ಉಪಕಾರ ಮಾಡುವ ಶತ್ರುವಿನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಶ್ರಮದ ಕೆಲಸ!

ಬೆಂಬಲ ಹುಡುಕಿಕೊಂಡು ನಮ್ಮ ಓಣಿಯ ಮೂಲೆಯ ಉಡುಪಿ ಹೋಟೆಲಿಗೆ ಹೋದೆ. ಮಾಲೀಕ ಕುಶಲ ನನ್ನ ಗೆಳೆಯ, ಕುಂದಾಪುರದ ಕಡೆಯವನು. ಅವನ ಗೋಡೆಯ ಮೇಲೆ ಒಂದು ಬೋರ್ಡು: ಉಪವಾಸದ ಮಿಸಳ್, ಉಪವಾಸದ ಕಚೋರಿ, ಉಪವಾಸದ ದೋಸೆ, ಉಪವಾಸದ ಥಾಲಿ. ಇಷ್ಟು ಉಪವಾಸ ಮಾಡಿದರೆ ಮನುಷ್ಯ ಏಳಲಾರ. ಪಾಟಿಯಲ್ಲಿ ಪ್ರಶ್ನೆ ಬರೆದು ತೋರಿಸಿದೆ.

"ಅವಲಕ್ಕಿಯಾ? ಉಪವಾಸಕ್ಕೆ ಧಾರಾಳ ಆಗ್ತದೆ ಮಾರಾಯ. ನನ್ನ ಅಮ್ಮ ಲೀಲಾಕ್ಷಿ ಏಕಾದಶಿಗೆ ತಿನ್ನೋದೇ ಅದು," ಎಂದ ಕುಶಲ.

ನಾನು ಬೋರ್ಡಿನ ಕಡೆ ಬೆರಳು ತೋರಿಸಿದೆ. ಹಾಗಾದರೆ ಅಲ್ಲಿ ಬರೆ!

ಅವನು ಎರಡೂ ಕೈ ಮೇಲೆತ್ತಿದ. "ಎಂತ ಹೇಳ್ತಿ ನೀನು! ಅದನ್ನು ಅಲ್ಲಿ ಬರೆದ್ರೆ ನಾಳೆಯಿಂದ ನನ್ನ ಹೋಟೆಲಿಗೇ ಉಪವಾಸ. ಬಿಸಿನೀರು ಕೊಡ್ಲಾ, ಕುಡೀತಿಯಾ?"

ಹೊಸ ಲೆಕ್ಕದ ನಾಲ್ಕನೆಯ ಸೋಮವಾರ ಬೆಳಗ್ಗೆ ಡಾಕ್ಟರ ಹತ್ತಿರ ಹೋದೆವು, ಅವ್ವನೂ ನಾನೂ. ಕನ್ನಡಿ ಇಳಿಸಿ ನೋಡಿದರು. 'ಆ' ಎನ್ನಿ ಎಂದರು. ಎಂದೆ. ಬಂತು! ಮಳೆಗಾಲ ಮುಗಿದ ಮೇಲೆ ತೆಗೆದ ಕಿಟಕಿಯಂತೆ ಕಿರುಗುಟ್ಟುತ್ತ, ಆದರೆ ಬಂತು.

"ಛಾನ್! ಇನ್ನು ಮಾತಾಡಿ. ನಿಧಾನವಾಗಿ, ಆದರೆ ಮಾತಾಡಿ," ಎಂದರು ಡಾಕ್ಟರು.

ನಾನು ಬಾಯಿ ತೆಗೆಯುವುದರೊಳಗೆ ಅವ್ವನ ಅಂಗೈ ಬಂದು ಮುಚ್ಚಿತು.

"ಬ್ಯಾಡೋ ಯಪ್ಪಾ! ವ್ರತ ಇನ್ನೂ ನಾಕಕ್ಕ ಬಂದೈತಿ. ಹದಿನಾರು ಮುಗಿಯೂತನಾ ತುಟಿ ಪಿಟಕ್ ಅನಬ್ಯಾಡ. ಅರ್ಧಾ ವ್ರತದ ದನಿ ಅರ್ಧಕ್ಕs ಹೋದೀತು."

ನೋಡಿದಿರಾ? ಧ್ವನಿ ಬಂದಿದೆ, ಪರವಾನಗಿ ಬಂದಿದೆ, ಆದರೆ ಹನ್ನೆರಡು ವಾರದ ಅವಲಕ್ಕಿ ಜಮಾ ಆಗದ್ದರಿಂದ ಇನ್ನೂ ಹನ್ನೆರಡು ವಾರ ನಾನು ಮೂಕ! ಅಷ್ಟೂ ವಾರ ಅವಳು ಹೊಟ್ಟೆ ಹಿಡಿದು ಕೂಡಬೇಕು! ಮನೆಗೆ ಬಂದು ಅಪ್ಪನಿಗೆ ಪಾಟಿಯಲ್ಲಿ ದೂರು ಬರೆದೆ. ಅಪ್ಪ ರಾಮಲಿಂಗಪ್ಪ, ಲಕ್ಷ್ಮೀ ರಸ್ತೆಯ ಅರಿವೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮಾತು ಕೇಳಿ ದಣಿದು ಬರುವ ಮನುಷ್ಯ. ಓದಿ, ಪಾಟಿ ಒರೆಸಿ, ವಾಪಸು ಕೊಟ್ಟ. "ಮನಿ ಭಾಳ ಶಾಂತ ಐತಿ. ಆಗಲಿ ಬಿಡು ಇನ್ನ ಹನ್ನೆರಡ ವಾರ."

ಸ್ವಂತ ಧ್ವನಿ ಮಾತ್ರ ನಿಷೇಧವಾಗಿದೆ ಎಂಬ ವಿಚಾರ ನನಗೆ ಹೊಳೆದದ್ದು ಆಗ.

ಸಂಜೆ ದೀಪ ಹಚ್ಚಿ ಅವ್ವ ಅಡುಗೆಮನೆಯಲ್ಲಿ ಕೂತಿದ್ದಳು, ಮೇಲಿನಿಂದ ಖಿಚಡಿ ಬರುವ ದಾರಿ ಕಾಯುತ್ತ. ನಾನು ಹೊರಗೆ ಬಂದು, ಬಾಗಿಲು ಅರ್ಧ ಎಳೆದು, ಮೆಟ್ಟಿಲ ಮೇಲೆ ನಿಂತೆ. ಗಲ್ಲ ಒಳಗೆಳೆದು, ಮೂಗು ಸ್ವಲ್ಪ ಮೇಲಕ್ಕೆ, ಎಡಗೈ ಸೊಂಟಕ್ಕೆ. ಕೈ ಸೊಂಟಕ್ಕೆ ಹೋಗದೆ ಕಾಕುವಿನ ಧ್ವನಿ ಏಳುವುದಿಲ್ಲ.

"ಗೌರಾಬಾಈ! ಅಹೋ ಗೌರಾಬಾಈ! ಪೋಹೆ ಚಾಲತಾತ ಹೋ ಉಪವಾಸಾಲಾ! ಮಾಝಂಚ ಚುಕಲಂ!"

ಉಪವಾಸಕ್ಕೆ ಅವಲಕ್ಕಿ ನಡೆಯುತ್ತದೆ, ತಪ್ಪು ನನ್ನದೇ! ಆಹಾ, ಹೇಗೆ ಬಂತು! ನಾಲ್ಕು ತಿಂಗಳ ತುಕ್ಕು ಒಂದೇ ಕೂಗಿಗೆ ಉದುರಿತು. ಮಂಟಪದಲ್ಲಾಗಿದ್ದರೆ ಜನ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಿದ್ದರು.

ಒಳಗಿಂದ ಅವ್ವನ ಧ್ವನಿ, ಏರದೆ ಇಳಿಯದೆ ಬಂತು. "ಪ್ರಕಾಶಾ, ಒಳಗ ಬಾ."

ಹೋದೆ. "ಹೆಂಗ ಗೊತ್ತಾತಬೇ?" ಎಂದೆ. ಅದು ನನ್ನದೇ ಧ್ವನಿಯ ಮೊದಲ ಮಾತು, ಎಷ್ಟೋ ವಾರಗಳ ಮೇಲೆ. ತಡೆಯಲಾಗಲಿಲ್ಲ.

"ದನಿ ಆಕೀದs. ಮಾತ ಆಕೀದಲ್ಲ," ಎಂದಳು ಅವ್ವ. "'ನಂದ ತಪ್ಪಾತು' ಅಂತ ಪಳಸುಲೆ ಕಾಕು ಈ ಜನ್ಮದಾಗ ಅಂದಾಳೇನೋ, ಹುಚ್ಚಪ್ಯಾಲಿ?" ಅನ್ನುತ್ತಲೇ ನಗು ಬಂತು ಅವಳಿಗೆ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬಂತಲ್ಲೋ ದನಿ. ನಿಜವಾಗ್ಲೂ ಬಂತಲ್ಲ."

"ಮೀ ಅಸಂ ಕಧೀಚ ಬೋಲಣಾರ ನಾಹೀ," ಎಂದು ಬಾಗಿಲಿಂದ ಇನ್ನೊಂದು ಧ್ವನಿ. ನಾನು ಹಾಗೆ ಎಂದಿಗೂ ಹೇಳುವವಳಲ್ಲ. ಈ ಸಲ ಅಸಲಿ ಕಾಕು. ಕೈಯಲ್ಲಿ ಮುಚ್ಚಿದ ಖಿಚಡಿಯ ಬಟ್ಟಲು. ಮೆಟ್ಟಿಲು ಇಳಿಯುತ್ತಿದ್ದಾಗ ತಮ್ಮ ಧ್ವನಿ ತಮಗಿಂತ ಮುಂದೆ ಬಂದು ಕ್ಷಮೆ ಕೇಳುವುದನ್ನು ಕೇಳಿಸಿಕೊಂಡಿದ್ದರು.

ಅವ್ವ ಎದ್ದು ನಿಂತಳು. ಕಾಕುವಿನ ಎದುರು ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ. "ಕಾಕೂ, ಒಂದ ಮಾತ ಹೇಳ್ರಿ. ನಿಮ್ಮ ಲೆಕ್ಕಕ್ಕ ಇವತ್ತ ನಾಕನೇ ಸೋಮವಾರ. ನನ್ನ ಮೊದಲಿನ ಲೆಕ್ಕಕ್ಕ ಹದಿನಾರನೇದ್ದು. ಇವನ ದನಿ ಇವತ್ತs ಬಂತು. ಹಂಗಾದ್ರ ಶಿವ ಯಾರ ಲೆಕ್ಕ ಹಿಡದಾನ್ರಿ?"

ಕಾಕು ಖಿಚಡಿಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಎಡಗೈ ಸೊಂಟಕ್ಕಿಟ್ಟರು.

"ಬಾರಾ ಸೋಮವಾರ ಪೋಹೇ ಖಾಲ್ಲೇ, ಕಾಹೀ ಝಾಲಂ ನಾಹೀ. ಚಾರಚ ಸೋಮವಾರ ಸಾಬುದಾಣಾ, ಲಗೇಚ ಆವಾಜ!"

ಹನ್ನೆರಡು ವಾರ ಅವಲಕ್ಕಿ ತಿಂದರೆ ಏನೂ ಆಗಲಿಲ್ಲವಂತೆ, ನಾಲ್ಕೇ ವಾರದ ಸಾಬುದಾಣಿಗೆ ಧ್ವನಿ ಬಂತಂತೆ! ಬಂದ ಧ್ವನಿ ಮತ್ತೆ ಹೋಗುವಷ್ಟು ಸಿಟ್ಟು ಬಂತು ನನಗೆ. "ಅಲ್ರೀ ಕಾಕು..." ಎಂದು ಶುರು ಮಾಡಿದೆ.

"ನೀ ಸುಮ್ನಿರು," ಎಂದಳು ಅವ್ವ. ಸ್ಟೂಲು ಎಳೆದು ಹತ್ತಿದಳು. ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿ ಬಾಯಿಗೆ ಕಟ್ಟಿದ ಅರಿವೆ ಬಿಚ್ಚಿದಳು. ಎಣ್ಣೆ ಕಾಯಿತು, ಕರಿಬೇವು ಸಿಡಿಯಿತು. ಅರಿಶಿಣ ಹಾಕುವಾಗ ಕಾಕುವಿನ ಕಡೆ ನೋಡಿ ಇನ್ನೊಂದು ಚಿಟಿಕೆ ಜಾಸ್ತಿ ಹಾಕಿದಳು. ಕಾಕು ಹೊರಟುಹೋಗಲಿಲ್ಲ. ಹದಿನಾರನೆಯ ಸೋಮವಾರದ ಫಳಾರಕ್ಕೆ ಅವ್ವ ಕೂತು, ಅವಲಕ್ಕಿಯ ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿಯುವುದನ್ನು ನಿಂತು ನೋಡಿದರು. 'ಚಾಲತ ನಾಹೀ' ಗಂಟಲವರೆಗೆ ಬಂದದ್ದು ನನಗೆ ಕಂಡಿತು. ಆ ಗಂಟಲನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದು ಅಲ್ಲೇ ನಿಂತಿತು.

ಹೋಗುವಾಗ ನನ್ನ ಕಡೆ ತಿರುಗಿದರು. "ಆವಾಜ ಜರಾ ಜಾಡ ಕಾಢಲಾಸ. ಮಾಝಾ ಗೋಡ ಆಹೆ." ಧ್ವನಿ ಸ್ವಲ್ಪ ದಪ್ಪ ತೆಗೆದೆಯಂತೆ. ಅವರದ್ದು ಸಿಹಿಯಂತೆ!

ಇದಕ್ಕೆ ಕೊಡಬೇಕಾದ ಉತ್ತರ ಅವರದೇ ಧ್ವನಿಯಲ್ಲಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವ್ವ ಖಿಚಡಿಯ ಬಟ್ಟಲನ್ನು ನನ್ನ ಮುಂದೆ ತಳ್ಳಿದಳು. "ಮೆತ್ತಗ ಐತಿ, ಡಾಕ್ಟರ್ ಬ್ಯಾಡಂದಿಲ್ಲ. ತಿನ್ನು. ಆಕೀ ಮಾಡಿದ್ದು ಚೆಲ್ಲಬಾರದು."

ಅವಳ ತಾಟಿನಲ್ಲಿ ನನ್ನ ಅವಲಕ್ಕಿ, ನನ್ನ ಮುಂದೆ ಅವರ ಸಾಬುದಾಣಿ. ಸಿಟ್ಟಿನಿಂದಲೇ ಒಂದು ದೊಡ್ಡ ತುತ್ತು ಬಾಯಿಗೆ ತುಂಬಿದೆ. ಕಾಳು ಬಿಡಿಬಿಡಿಯಾಗಿತ್ತು, ತುಪ್ಪ ಹದವಾಗಿತ್ತು, ಶೇಂಗಾ ಸರಿಯಾಗಿ ಹುರಿದಿತ್ತು. ರುಚಿಯಾಗಿತ್ತು, ಹಾಳಾಗಿ ಹೋಗಲಿ! ಬಾಗಿಲಲ್ಲಿ ಕಾಕು ಕೈ ಸೊಂಟಕ್ಕಿಟ್ಟು ನನ್ನ ಅಭಿಪ್ರಾಯಕ್ಕೆ ಕಾಯುತ್ತಿದ್ದರು. ಬಾಯಿ ತುಂಬ ಸಾಬುದಾಣಿ. ಅವರ ಧ್ವನಿಯೂ ಬರಲಿಲ್ಲ, ನನ್ನದೂ ಬರಲಿಲ್ಲ.